ಫೋಟೊಗಳನ್ನೂ ಬೀಜದ ಹಾಗೆ ಕಾಪಿಡೋಣ

ತೋಟದ ಫೋಟೊ, ಮನೆಯ ಫೋಟೊ, ದಾಖಲೆಯ ಫೋಟೊ ಎಲ್ಲವೂ ಈಗ ಫೋನಿನೊಳಗೆ. ಫೋನು ಸತ್ತ ದಿನ ಅವೂ ಹೋಗುತ್ತವೆ. ಇವನ್ನು ಹೆಚ್ಚು ಖರ್ಚಿಲ್ಲದೆ ವಿಂಗಡಿಸಿ, ಹೆಸರಿಟ್ಟು, ಮೂರು ಕಡೆ ಕಾಪಿಡುವ ಕ್ರಮ ಇಲ್ಲಿದೆ.

ಬಿತ್ತನೆ ಬೀಜವನ್ನು ಒಂದೇ ಮುಡಿ ಕಟ್ಟಿ ಒಂದೇ ಮೂಲೆಯಲ್ಲಿ ಇಡುವ ಕೃಷಿಕ ಸಿಗಲಿಕ್ಕಿಲ್ಲ. ಒಂದಕ್ಕೆ ಇಲಿ ಹೊಕ್ಕರೆ ಇನ್ನೊಂದು ಇರಲಿ ಎಂದು ಎರಡು ಕಡೆ ಇಡುತ್ತೇವೆ. ನೆಂಟರ ಮನೆಗೂ ಒಂದು ಪಾಲು ಹೋಗಿರುತ್ತದೆ. ನಮ್ಮಲ್ಲಿ ಹಾಳಾದ ವರ್ಷ ಅಲ್ಲಿಂದ ತರಲಿಕ್ಕಾಗುತ್ತದೆ.

ಫೋಟೊದ ವಿಷಯದಲ್ಲಿ ಮಾತ್ರ ಈ ಬುದ್ಧಿ ನಮಗೆ ಓಡುವುದಿಲ್ಲ. ಹತ್ತು ವರ್ಷದ ಫೋಟೊಗಳೆಲ್ಲ ಅಂಗಿ ಕಿಸೆಯ ಒಂದೇ ಫೋನಿನಲ್ಲಿ. ಅದನ್ನೇ ಹಿಡಿದುಕೊಂಡು ತೋಡು ದಾಟುತ್ತೇವೆ, ಕೆರೆಗೆ ಬಗ್ಗುತ್ತೇವೆ, ಮರಕ್ಕೆ ಏಣಿ ಇಡುತ್ತೇವೆ. ಮಳೆಗಾಲ ಮುಗಿಯುವುದರೊಳಗೆ ಊರಲ್ಲಿ ಒಬ್ಬರಾದರೂ ಹೇಳುವ ಮಾತುಂಟು: "ಫೋನು ನೀರಿಗೆ ಬಿತ್ತು ಮಾರಾಯ್ರೆ. ಫೋನು ಹೋದರೆ ಹೋಗಲಿ, ಫೋಟೊ ಎಲ್ಲ ಅದರಲ್ಲೇ ಇತ್ತು."

ಫೋನು ಮತ್ತೆ ಕೊಳ್ಳಬಹುದು. ತೀರಿಹೋದ ಅಜ್ಜಿ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ ಫೋಟೊ ಕೊಳ್ಳಲಿಕ್ಕೆ ಸಿಗುವುದಿಲ್ಲ.

ಕೃಷಿಕನಿಗೆ ಫೋಟೊ ಯಾತಕ್ಕೆ?

ಮನೆಮಂದಿಯ ಫೋಟೊ ಎಲ್ಲರಿಗೂ ಬೇಕು. ಅದರ ಮೇಲೆ ನಮಗೆ ಇನ್ನೂ ಕೆಲವು ಬಗೆಯ ಫೋಟೊಗಳಿಂದ ಉಪಯೋಗ ಉಂಟು. ಕೆಲವನ್ನು ಹೇಳುತ್ತೇನೆ.

ಒಂದು, ನೆಲದೊಳಗಿನ ಕೊಳವೆ. ತೋಟಕ್ಕೆ ಪೈಪ್‌ಲೈನ್ ಹಾಕುವಾಗ ಅಗಳು ಮುಚ್ಚುವ ಮೊದಲು ಫೋಟೊ ತೆಗೆದಿಡಿ. ಟೀ, ಬೆಂಡು, ವಾಲ್ವ್ ಎಲ್ಲೆಲ್ಲಿ ಬಂದಿದೆ ಎಂಬುದು ಕಾಣಬೇಕು. ಫೋಟೊದಲ್ಲಿ ಒಂದು ಮರವೋ, ಕಟ್ಟೆಯೋ, ಬೇಲಿ ಕಲ್ಲೋ ಗುರುತಿಗೆ ಇರಲಿ. ಆರು ವರ್ಷ ಕಳೆದು ಪೈಪ್ ಒಡೆದಾಗ ಹತ್ತು ಕಡೆ ಅಗೆಯುವ ಕೆಲಸ ತಪ್ಪುತ್ತದೆ. ನೆಲದೊಳಗೆ ಹೋದ ಪಂಪಿನ ಕೇಬಲ್ಲಿಗೂ ಇದೇ ಮಾತು.

ಎರಡು, ಯಂತ್ರಗಳ ತಗಡು. ಮೋಟಾರು, ಪಂಪು, ಸ್ಟಾರ್ಟರ್, ಸ್ಪ್ರೇಯರ್ ಇವುಗಳ ಮೇಲೆ ಹೆಚ್‌ಪಿ, ಸ್ಟೇಜ್, ಸೀರಿಯಲ್ ನಂಬರು ಬರೆದ ತಗಡು ಇರುತ್ತದೆ. ಬೋರ್‌ವೆಲ್ಲಿಗೆ ಇಳಿಸುವ ಮೊದಲು ಅದರ ಫೋಟೊ, ಬಿಲ್ಲಿನ ಫೋಟೊ ಎರಡನ್ನೂ ತೆಗೆಯಿರಿ. ಇಳಿಸಿದ ಮೇಲೆ ಮೇಲೆತ್ತದೆ ಓದಲಿಕ್ಕಾಗದು. ಬಿಲ್ಲಿನ ಶಾಯಿಯಂತೂ ಎರಡು ವರ್ಷದಲ್ಲಿ ಮಾಸಿ ಬಿಳಿ ಕಾಗದ ಆಗಿರುತ್ತದೆ.

ಮೂರು, ರೋಗದ ಲೆಕ್ಕ. ಎಲೆಚುಕ್ಕಿಯೋ ಹಳದಿ ಎಲೆಯೋ ಕಂಡ ತೋಟದಲ್ಲಿ ನಾಲ್ಕೈದು ಮರ ಗುರುತು ಮಾಡಿ. ತಿಂಗಳಿಗೊಮ್ಮೆ ಅದೇ ಮರವನ್ನು, ಅದೇ ಜಾಗದಲ್ಲಿ ನಿಂತು, ಅದೇ ಹೊತ್ತಿಗೆ ಫೋಟೊ ತೆಗೆಯಿರಿ. ರೋಗ ಏರಿತೋ ಇಳಿಯಿತೋ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಹನ್ನೆರಡು ಫೋಟೊ ಸಾಲಾಗಿ ನೋಡಿದರೆ ಗೊತ್ತಾಗುತ್ತದೆ. ಬೋರ್ಡೊ ಹೊಡೆದ ದಿನ ಡ್ರಮ್ಮಿನದ್ದೊಂದು ಫೋಟೊ ತೆಗೆದರೆ ತಾರೀಕು ತಾನಾಗಿ ದಾಖಲಾಗುತ್ತದೆ. ವಿಜ್ಞಾನಿಗಳ ಹತ್ತಿರ ಹೋಗುವಾಗಲೂ ಬಾಯಿಮಾತಿಗಿಂತ ಈ ಸಾಲು ಹೆಚ್ಚು ಹೇಳುತ್ತದೆ.

ನಾಲ್ಕು, ತಾಯಿಮರ. ಒಳ್ಳೆ ಹಲಸೋ ಕಾಟು ಮಾವೋ ಕಣ್ಣಿಗೆ ಬಿದ್ದರೆ ಮರ, ಎಲೆ, ಇಡೀ ಹಣ್ಣು, ಕತ್ತರಿಸಿದ ಹಣ್ಣು ನಾಲ್ಕನ್ನೂ ತೆಗೆಯಿರಿ. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಕಸಿ ಕಟ್ಟಿದ ಗಿಡದ ಚೀಟಿ ಮಳೆಗೆ ಹರಿದುಹೋದ ಮೇಲೆ ಯಾವುದು ಯಾವ ಮರದ್ದು ಎಂದು ಹೇಳಲಿಕ್ಕೆ ಬೇರೆ ಆಧಾರ ಇರುವುದಿಲ್ಲ.

ಐದು, ಬೆಳೆ ಮತ್ತು ನಷ್ಟ. ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ಫೋಟೊ ತೆಗೆದು ಆ್ಯಪ್ ಮೂಲಕ ಕಳಿಸುವ ಬೆಳೆ ಸಮೀಕ್ಷೆ ಬಂದಿದೆ. ಫಸಲು ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ಮುಖ್ಯವಾಗಿ ಮಳೆಮಾಪನದ ಅಂಕಿಗಳ ಮೇಲೆ ನಿಲ್ಲುತ್ತದೆ. ಅಲ್ಲಿ ಫೋಟೊಕ್ಕೆ ಅಷ್ಟು ಕೆಲಸ ಇಲ್ಲ. ಆದರೆ ಗುಡ್ಡ ಜರಿದು ಸಾಲು ಮರ ಹೋದಾಗ, ಆನೆ ನುಗ್ಗಿದಾಗ, ಬೇಲಿ ತಕರಾರು ಬಂದಾಗ "ಮೊದಲು ಹೀಗಿತ್ತು" ಎಂದು ತೋರಿಸುವ ಫೋಟೊ ಬೇಕಾಗುತ್ತದೆ. ಹಾಳಾದ ಮೇಲಿನ ಫೋಟೊ ಎಲ್ಲರೂ ತೆಗೆಯುತ್ತಾರೆ. ಹಾಳಾಗುವ ಮೊದಲಿನದ್ದು ಇರುವವರು ಕಡಿಮೆ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಇಡೀ ಜಾಗಕ್ಕೆ ಒಂದು ಸುತ್ತು ಬಂದು ನಾಲ್ಕು ಗಡಿಯ ಫೋಟೊ ತೆಗೆದಿಡುವುದು ಒಳ್ಳೆಯ ಅಭ್ಯಾಸ.

ಫೋನು ಭದ್ರ ಜಾಗವಲ್ಲ

"ಫೋನು ಹಾಳಾದರೆ ಅಂಗಡಿಯವರು ಫೋಟೊ ತೆಗೆದುಕೊಡುತ್ತಾರಲ್ಲ?" ಎಂದು ಕೇಳುವವರಿದ್ದಾರೆ. ಪರದೆ ಮಾತ್ರ ಒಡೆದಿದ್ದರೆ ಹೌದು. ಒಳಗಿನ ಬೋರ್ಡ್ ಸತ್ತರೆ ಹೆಚ್ಚಾಗಿ ಇಲ್ಲ. ಈಗಿನ ಫೋನುಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆದಿಡುತ್ತವೆ. ಅದನ್ನು ಬಿಡಿಸುವ ಕೀಲಿಯೂ ಅದೇ ಬೋರ್ಡಿನಲ್ಲಿ ಇರುತ್ತದೆ. ಚಿಪ್ಪನ್ನು ಕಿತ್ತು ಬೇರೆ ಕಡೆ ಕೂರಿಸಿದರೂ ಓದಲಿಕ್ಕೆ ಬರುವುದಿಲ್ಲ. ಕಳ್ಳನಿಗೆ ಸಿಗಬಾರದು ಎಂದು ಮಾಡಿದ ವ್ಯವಸ್ಥೆ ಯಜಮಾನನಿಗೂ ಸಿಗದ ಹಾಗೆ ಮಾಡುತ್ತದೆ.

ಮೆಮೊರಿ ಕಾರ್ಡ್ ಹಾಕುವ ಫೋನಾದರೆ ಕಾರ್ಡನ್ನು ತೆಗೆದು ಇನ್ನೊಂದರಲ್ಲಿ ಓದಬಹುದು. ಆದರೆ ಕಾರ್ಡ್ ಕೂಡ ಮುನ್ಸೂಚನೆ ಕೊಡದೆ ಸಾಯುವ ಜಾತಿ. ರಿಪೇರಿಗೆ ಫೋನು ಕೊಡುವಾಗ ಒಂದು ಎಚ್ಚರ. ಕೆಲವು ಕೆಲಸಕ್ಕೆ ಅಲ್ಲಿ ಫೋನನ್ನು ಪೂರ್ತಿ ಖಾಲಿ ಮಾಡುತ್ತಾರೆ. ಹೇಳಿಯೇ ಮಾಡುತ್ತಾರೆ ಎಂಬ ಭರವಸೆ ಇಲ್ಲ. ಫೋಟೊ ಇಳಿಸಿಕೊಂಡ ಮೇಲೆಯೇ ಕೊಡಿ.

ಮೊದಲು ಜೊಳ್ಳು ತೂರಬೇಕು

ಹತ್ತು ಸಾವಿರ ಫೋಟೊ ಇರುವವರು "ಎಲ್ಲವನ್ನೂ ಎಲ್ಲಿ ಇಡುವುದು?" ಎಂದು ಹೆದರುತ್ತಾರೆ. ತೂರಿ ನೋಡಿ, ಗಟ್ಟಿಕಾಳು ಅಷ್ಟಿರುವುದಿಲ್ಲ. ಒಂದೇ ಹಿಂಗಾರದ ಹನ್ನೆರಡು ಫೋಟೊ, ಕೈ ಅಲ್ಲಾಡಿದ ಮದುವೆ ಫೋಟೊ, ಕಿಸೆಯಲ್ಲಿ ತಾನಾಗಿ ಬಿದ್ದ ಕಪ್ಪು ಫೋಟೊ, ದಿನಾ ಬರುವ ಶುಭೋದಯದ ಗುಲಾಬಿ ಹೂ. ಇವೆಲ್ಲ ಹೋಗಲಿ.

ತೂರುವ ಕ್ರಮ ಹೀಗಿರಲಿ. ಒಂದೇ ವಸ್ತುವಿನ ಫೋಟೊಗಳಲ್ಲಿ ಚೆನ್ನಾಗಿ ಬಂದ ಒಂದೋ ಎರಡೋ ಉಳಿಸಿ. ಜನರ ಫೋಟೊದಲ್ಲಿ ಮಾತ್ರ ಕೈ ಸ್ವಲ್ಪ ಬಿಗಿ ಹಿಡಿಯಿರಿ. ಮಸುಕಾಗಿದ್ದರೂ ಹಿರಿಯರೊಬ್ಬರ ಒಂದೇ ಫೋಟೊ ಅದಾಗಿದ್ದರೆ ಇರಲಿ. ಇಡೀ ರಾಶಿಗೆ ಒಮ್ಮೆಲೇ ಕೈ ಹಾಕಿದರೆ ಬೇಸರ ಬಂದು ನಡುವೆಯೇ ಬಿಟ್ಟುಬಿಡುತ್ತೇವೆ. ಈ ತಿಂಗಳಿನದ್ದನ್ನು ಈ ತಿಂಗಳೇ ಮುಗಿಸಿ. ಹಳೆಯ ರಾಶಿಯನ್ನು ಆಟಿ ತಿಂಗಳಿನ ಮಳೆಯ ಮಧ್ಯಾಹ್ನಗಳಿಗೆ ಇಡಿ. ದಿನಕ್ಕೆ ಅರ್ಧ ಗಂಟೆ ಸಾಕು.

ವಿಡಿಯೊಗಳ ಮೇಲೆ ಹೆಚ್ಚು ಕಣ್ಣಿರಲಿ. ಸಾಮಾನ್ಯ ಫೋನಿನ ಒಂದು ಫೋಟೊ ಸುಮಾರು 4 ಎಂಬಿ. ಒಂದೇ ನಿಮಿಷದ ಒಳ್ಳೆ ವಿಡಿಯೊ 100 ಎಂಬಿ ದಾಟುತ್ತದೆ. ಎಂದರೆ ಒಂದು ನಿಮಿಷದ ವಿಡಿಯೊದ ಜಾಗದಲ್ಲಿ ಇಪ್ಪತ್ತೈದು ಫೋಟೊ ಕೂರುತ್ತದೆ.

ಹೆಸರಿಡುವುದು

ತಾರೀಕಿನಿಂದ ಸುರು ಮಾಡಿ. ಅದರಲ್ಲೂ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ನಾವು ಬರೆಯುವ ಕ್ರಮಕ್ಕೆ ಇದು ತಿರುಗಾಮುರುಗಾ ಅನ್ನಿಸಬಹುದು. ಆದರೆ ಕಂಪ್ಯೂಟರು ಹೆಸರನ್ನು ಎಡದಿಂದ ಓದಿ ಸಾಲು ಹಿಡಿಸುತ್ತದೆ. ದಿನ ಮೊದಲು ಬರೆದರೆ ಹತ್ತು ವರ್ಷದ ಒಂದನೇ ತಾರೀಕುಗಳೆಲ್ಲ ಒಟ್ಟಿಗೆ ಬಂದು ಕೂರುತ್ತವೆ. ವರ್ಷ ಮೊದಲಿದ್ದರೆ ನಡೆದ ಕ್ರಮದಲ್ಲೇ ಬರುತ್ತವೆ.

ವರ್ಷಕ್ಕೊಂದು ಫೋಲ್ಡರ್ ಮಾಡಿ. ಅದರೊಳಗೆ ಹೀಗೆ ಇರಲಿ:

2024-05-18 ಕೆಳತೋಟ ಪೈಪ್‌ಲೈನ್
2024-07 ಕೊಳೆರೋಗ ಮೇಲಿನ ತೋಟ
2024-11-02 ದೀಪಾವಳಿ ಮನೆ
2024 ಗಡಿ ಸುತ್ತು

ಇಷ್ಟೇ ಸಾಕು. ಪ್ರತಿ ಫೋಟೊಕ್ಕೆ ಹೆಸರು ಬರೆಯುತ್ತ ಕೂರಬೇಡಿ, ಅದು ಮುಗಿಯುವ ಕೆಲಸವಲ್ಲ. ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಫೋನಿನ ಕನ್ನಡ, ಯುನಿಕೋಡ್ ಕನ್ನಡ ಎಲ್ಲ ಕಡೆ ತೆರೆಯುತ್ತದೆ. ಹಳೆಯ ಡಿಟಿಪಿ ಅಕ್ಷರಗಳಲ್ಲಿ ಬರೆದರೆ ಫೋಲ್ಡರಿನ ಹೆಸರಾಗಿ ಗೀಟುಗೀಟಾಗಿ ಕಾಣುತ್ತದೆ.

ಫೋನಿನಲ್ಲಿ ತೆಗೆದ ಪ್ರತಿ ಫೋಟೊದೊಳಗೆ ತಾರೀಕು, ಗಂಟೆ ತಾನಾಗಿ ದಾಖಲಾಗಿರುತ್ತದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಲೊಕೇಶನ್ ಹಾಕಿಟ್ಟರೆ ಜಾಗವೂ ಸೇರುತ್ತದೆ. ತಾಯಿಮರ ಹುಡುಕಲು, ನಷ್ಟದ ಜಾಗ ತೋರಿಸಲು ಇದು ಅನುಕೂಲ. ಆದರೆ ಗಂಧದ ಮರದ ಫೋಟೊವನ್ನು ಜಾಗದ ಗುರುತಿನ ಸಮೇತ ಊರಿಗೆಲ್ಲ ಹಂಚುವುದು ಬೇಡ.

ವಾಟ್ಸಾಪ್‌ನಲ್ಲಿ ಬಂದದ್ದು ಅಸಲು ಅಲ್ಲ

"ಮಗಳಿಗೆ ವಾಟ್ಸಾಪ್ ಮಾಡಿದ್ದೇನೆ, ಅಲ್ಲಿ ಉಂಟು" ಎಂದು ನೆಮ್ಮದಿಯಿಂದ ಇರುವವರು ಬಹಳ. ಏನೂ ಇಲ್ಲದ್ದಕ್ಕಿಂತ ಅದು ಮೇಲು. ಆದರೆ ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. 4 ಎಂಬಿಯದ್ದು ಕೆಲವು ನೂರು ಕೆಬಿಗೆ ಇಳಿದಿರುತ್ತದೆ. ಪರದೆಯಲ್ಲಿ ಚಂದ ಕಾಣುತ್ತದೆ. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟು ತೆಗೆದರೆ, ಎಲೆಯ ಚುಕ್ಕಿಯನ್ನು ದೊಡ್ಡದು ಮಾಡಿ ನೋಡಿದರೆ ಕುಂದು ಗೊತ್ತಾಗುತ್ತದೆ. 2023ರಲ್ಲಿ ಬಂದ ಹೆಚ್‌ಡಿ ಆಯ್ಕೆಯಲ್ಲೂ ಸ್ವಲ್ಪ ಕುಗ್ಗುವುದುಂಟು.

ಇನ್ನೊಂದು ತೊಂದರೆ ತಾರೀಕಿನದ್ದು. ಫೋಟೊದೊಳಗಿನ ತಾರೀಕು, ಜಾಗ ಎರಡೂ ದಾರಿಯಲ್ಲಿ ಕಳಚಿಹೋಗುತ್ತವೆ. ಫೈಲಿನ ಹೆಸರಿನಲ್ಲಿ ಕಾಣುವುದು ವಾಟ್ಸಾಪ್‌ಗೆ ಬಂದ ದಿನ. 2018ರ ನೆರೆಯ ಫೋಟೊವನ್ನು ಯಾರೋ 2024ರಲ್ಲಿ ಕಳಿಸಿದರೆ ಅದು 2024ರ ಫೋಟೊ ಆಗಿ ಕೂರುತ್ತದೆ. ಸಾಕ್ಷಿಗೆ ಬೇಕಾದ ಫೋಟೊಕ್ಕೆ ಇದು ದೊಡ್ಡ ಪೆಟ್ಟು.

ಉಪಾಯ ಸುಲಭ. ಕಳಿಸುವಾಗ ಗ್ಯಾಲರಿ ಒತ್ತುವ ಬದಲು 'ಡಾಕ್ಯುಮೆಂಟ್' ಎಂಬುದನ್ನು ಒತ್ತಿ, ಅಲ್ಲಿಂದ ಫೋಟೊ ಆರಿಸಿ. ಆಗ ಅಸಲು ಫೈಲು ಇದ್ದ ಹಾಗೆಯೇ ಹೋಗುತ್ತದೆ.

ಮೂರು ಪ್ರತಿಯ ಲೆಕ್ಕ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಫೋಟೊ ಕಾಪಿಡುವವರಿಗೆ ಒಂದು ಸುಲಭದ ಲೆಕ್ಕ ಕೊಟ್ಟಿದ್ದಾರೆ. ಮೂರು, ಎರಡು, ಒಂದು. ಒಟ್ಟು ಮೂರು ಪ್ರತಿ ಇರಬೇಕು. ಅವು ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ ಇರಬೇಕು. ಒಂದು ಪ್ರತಿ ಮನೆಯ ಹೊರಗೆ ಇರಬೇಕು. ನಮ್ಮ ಬೀಜದ ಲೆಕ್ಕವೂ ಇದೇ.

ಕೃಷಿಕರ ಮನೆಗೆ ಹೊಂದಿಸಿದರೆ ಹೀಗಾಗುತ್ತದೆ. ಮೊದಲನೆಯದು ಫೋನಿನಲ್ಲಿ ಅಥವಾ ಮಕ್ಕಳ ಕಂಪ್ಯೂಟರಿನಲ್ಲಿ. ಎರಡನೆಯದು ಮನೆಯ ಕಪಾಟಿನ ಹಾರ್ಡ್ ಡಿಸ್ಕಿನಲ್ಲಿ. ಮೂರನೆಯದು ಮನೆಯಿಂದ ದೂರ. ಪೇಟೆಯಲ್ಲಿರುವ ಮಗನೋ ತಂಗಿಯೋ ಇದ್ದರೆ ಅವರ ಮನೆಯಲ್ಲಿ ಇನ್ನೊಂದು ಡಿಸ್ಕ್. ಇಲ್ಲವಾದರೆ ಗೂಗಲ್ ಫೋಟೋಸ್‌ನಂಥ ಇಂಟರ್‌ನೆಟ್ ಜಾಗ.

ಮನೆಯ ಹೊರಗೆ ಯಾಕೆ? 2018ರ ಆಗಸ್ಟಿನಲ್ಲಿ ಕೊಡಗಿನ ಮಾದಾಪುರ, ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತು. ಮರುವರ್ಷ ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಬದಿಯಲ್ಲಿ ನೆರೆ ಬಂತು. ಕೃಷ್ಣಾ, ಮಲಪ್ರಭಾ ದಂಡೆಯ ಊರುಗಳಿಗೆ ನೀರು ನುಗ್ಗಿದ್ದೂ ಆ ಆಗಸ್ಟಿನಲ್ಲೇ. ಅಂಥ ದಿನ ಜನ ಉಟ್ಟ ಬಟ್ಟೆಯಲ್ಲಿ ಹೊರಗೆ ಓಡುತ್ತಾರೆ. ಒಂದೇ ಕಪಾಟಿನಲ್ಲಿ ಐದು ಪ್ರತಿ ಇದ್ದರೂ ಕಪಾಟೇ ಹೋದ ಮೇಲೆ ಏನು ಮಾಡುವುದು? ಹೊರಗಿನ ಒಂದು ಪ್ರತಿ ಆ ದಿನಕ್ಕಾಗಿ.

ಪೆನ್‌ಡ್ರೈವನ್ನು ಸಾಗಾಟಕ್ಕೆ ಮಾತ್ರ ಇಟ್ಟುಕೊಳ್ಳಿ. ಅದರೊಳಗೆ ಫೋಟೊ ನಿಲ್ಲುವುದು ವಿದ್ಯುತ್ತಿನ ಸಣ್ಣ ಅಂಶದಿಂದ. ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದು ಸೋರಿಹೋಗಬಹುದು. ಸಂತೆಯಲ್ಲೋ ಆನ್‌ಲೈನಿನಲ್ಲೋ ನಾಲ್ಕೈನೂರು ರೂಪಾಯಿಗೆ '2 ಟಿಬಿ' ಎಂದು ಸಿಗುವ ಪೆನ್‌ಡ್ರೈವ್ ಕಂಡರೆ ದೂರ ಇರಿ. ಒಳಗೆ ಚಿಕ್ಕ ಚಿಪ್ ಇಟ್ಟು ಹೊರಗೆ ದೊಡ್ಡ ಅಳತೆ ತೋರಿಸುವ ಮೋಸ ಅದು. ತುಂಬಿದ ಮೇಲೆ ಹೊಸತು ಹಳೆಯದರ ಮೇಲೆಯೇ ಬರೆಯಲ್ಪಡುತ್ತದೆ. ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ತೆರೆದರೆ ಫೋಟೊ ಇಲ್ಲ.

ಮದುವೆಯ ಸಿಡಿ, ಡಿವಿಡಿಗಳು ಮನೆಯಲ್ಲಿದ್ದರೆ ಇನ್ನು ತಡಮಾಡಬೇಡಿ. ನಮ್ಮ ತೇವಕ್ಕೆ ಅವು ಬೂಷ್ಟು ಹಿಡಿಯುತ್ತವೆ. ಹೊಸ ಕಂಪ್ಯೂಟರುಗಳಲ್ಲಿ ಅವನ್ನು ಹಾಕುವ ಬಾಯಿಯೇ ಇಲ್ಲ.

ಪ್ರತಿ ಮಾಡಿದ ಮೇಲೆ ಒಂದು ಪರೀಕ್ಷೆ ಬೇಕು. ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಅಳತೆ ತಾಳೆ ನೋಡಿ. ಮೊದಲಿನದ್ದು, ನಡುವಿನದ್ದು, ಕೊನೆಯದ್ದು ಹೀಗೆ ನಾಲ್ಕಾರು ಫೋಟೊ ತೆರೆದು ನೋಡಿ. ಅದಾದ ಮೇಲೆಯೇ ಫೋನಿನಿಂದ ಅಳಿಸುವ ಯೋಚನೆ.

ಸಿಡಿಲು ಮತ್ತು ತೇವ

ಪೇಟೆಯವರಿಗೆ ಇಲ್ಲದ ಎರಡು ಶತ್ರುಗಳು ನಮಗಿವೆ. ಏಪ್ರಿಲ್, ಮೇ ತಿಂಗಳಲ್ಲಿ ಮತ್ತು ಮಳೆ ಹಿಂದೆ ಸರಿಯುವ ಅಕ್ಟೋಬರ್, ನವೆಂಬರಿನಲ್ಲಿ ಕರಾವಳಿ, ಮಲೆನಾಡಿನಲ್ಲಿ ಸಿಡಿಲು ಜೋರು. ತಂತಿಯಲ್ಲಿ ಬಂದ ಪೆಟ್ಟಿಗೆ ಕಂಪ್ಯೂಟರೂ, ಅದಕ್ಕೆ ಸಿಕ್ಕಿಸಿಟ್ಟ ಡಿಸ್ಕೂ ಒಟ್ಟಿಗೆ ಹೋಗುತ್ತವೆ. ಪ್ರತಿ ಮಾಡಿ ಮುಗಿದ ಕೂಡಲೇ ಡಿಸ್ಕನ್ನು ಕಳಚಿಡಿ. ಗುಡುಗು ಕೇಳುವ ಹೊತ್ತಿನಲ್ಲಿ ಈ ಕೆಲಸವೇ ಬೇಡ. ಕಳಚಿಡುವುದರಿಂದ ಇನ್ನೊಂದು ಲಾಭ ಉಂಟು. ಕಂಪ್ಯೂಟರಿಗೆ ವೈರಸ್ ಹೊಕ್ಕು ಫೈಲುಗಳಿಗೆ ಬೀಗ ಹಾಕಿದರೂ ಕಪಾಟಿನ ಡಿಸ್ಕಿಗೆ ಅದು ಮುಟ್ಟುವುದಿಲ್ಲ.

ತೇವಕ್ಕೆ ಬಿಗಿ ಮುಚ್ಚಳದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜಾತಿಯ ಜೆಲ್ ತಂದರೆ ಅದು ನೀರು ಕುಡಿದದ್ದು ತಿಳಿಯುತ್ತದೆ. ಆಗ ಬದಲಾಯಿಸಿದರಾಯಿತು.

ಡಿಸ್ಕನ್ನು ಇಟ್ಟು ಮರೆಯಬಾರದು. ವರ್ಷಕ್ಕೆ ಎರಡು ಸಲ ತೆರೆಯಿರಿ. ಪತ್ತನಾಜೆಗೆ ಮುಂಚೆ ಒಮ್ಮೆ, ದೀಪಾವಳಿ ಕಳೆದು ಒಮ್ಮೆ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಹೊಸ ಫೋಟೊ ಸೇರಿಸುವ ಕೆಲಸವೂ ಆಗುತ್ತದೆ, ಡಿಸ್ಕ್ ತಿರುಗುತ್ತದೋ ಎಂಬ ಪರೀಕ್ಷೆಯೂ ಆಗುತ್ತದೆ. ಟಕಟಕ ಸದ್ದು ಬಂದರೆ, ತೆರೆಯಲು ತಡವಾದರೆ ಮರುದಿನವೇ ಹೊಸ ಡಿಸ್ಕಿಗೆ ಸಾಗಿಸಿ. ಸದ್ದಿಲ್ಲದಿದ್ದರೂ ಐದಾರು ವರ್ಷಕ್ಕೊಮ್ಮೆ ಹೊಸತಕ್ಕೆ ಸಾಗಿಸುವುದು ಒಳ್ಳೆಯದು.

ಗೂಗಲ್ ಫೋಟೋಸ್: ಉಪಕಾರವೂ ಹೌದು, ಎಚ್ಚರವೂ ಬೇಕು

2015ರಲ್ಲಿ ಗೂಗಲ್ ಫೋಟೋಸ್ ಸುರುವಾದಾಗ ಸ್ವಲ್ಪ ಕುಗ್ಗಿಸಿದ ಫೋಟೊಗಳನ್ನು ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಈಗ ಉಚಿತ ಸಿಗುವುದು 15 ಜಿಬಿ. ಇಮೇಲು, ಡ್ರೈವ್ ಎಲ್ಲ ಅದರೊಳಗೇ. ಆ್ಯಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದೇ ಲೆಕ್ಕಕ್ಕೆ ಸೇರುತ್ತದೆ. ಫೋಟೊ ಮಾತ್ರ ಇಟ್ಟರೂ ಮೂರೂವರೆ ಸಾವಿರದಷ್ಟು ಹಿಡಿದೀತು. ಜೊಳ್ಳು ತೂರಿದವರಿಗೆ ಇದು ಕೆಲವು ವರ್ಷಕ್ಕೆ ಸಾಕು. ಆಮೇಲೆ ಬಾಡಿಗೆ ಕೊಡಬೇಕು.

ಗಮನಿಸಬೇಕಾದ ನಾಲ್ಕು ಸಂಗತಿ ಇವೆ.

ಒಂದು: ಹೇಳದಿದ್ದರೆ ಅದು ಕ್ಯಾಮೆರಾದಲ್ಲಿ ತೆಗೆದ ಫೋಟೊಗಳನ್ನು ಮಾತ್ರ ಮೇಲೆ ಕಳಿಸುತ್ತದೆ. ವಾಟ್ಸಾಪ್‌ನಲ್ಲಿ ಬಂದದ್ದು ಬೇಕಾದರೆ ಆ ಫೋಲ್ಡರನ್ನು ಬೇರೆಯೇ ಆರಿಸಬೇಕು.

ಎರಡು: ಅದೇ ಆ್ಯಪಿನಲ್ಲಿ 'ಡಿಲೀಟ್' ಒತ್ತಿದರೆ ಫೋನಿನಿಂದಲೂ ಮೇಲಿನಿಂದಲೂ ಎರಡೂ ಕಡೆ ಹೋಗುತ್ತದೆ. ಫೋನಿನ ಜಾಗ ಮಾತ್ರ ಖಾಲಿ ಮಾಡಲಿಕ್ಕೆ 'ಫ್ರೀ ಅಪ್ ಸ್ಪೇಸ್' ಎಂದು ಬೇರೆ ಗುಂಡಿ ಉಂಟು. ತಪ್ಪಿ ಅಳಿಸಿದ್ದು, ಮೇಲೆ ಹೋಗಿದ್ದ ಫೋಟೊವಾದರೆ, 60 ದಿನ ಕಸದ ಬುಟ್ಟಿಯಲ್ಲಿ ಸಿಗುತ್ತದೆ. ಆಮೇಲೆ ಇಲ್ಲ.

ಮೂರು: ಎರಡು ವರ್ಷ ಆ ಖಾತೆಯನ್ನು ಯಾರೂ ಬಳಸದಿದ್ದರೆ ಗೂಗಲ್ ಅದನ್ನು ಅಳಿಸಬಹುದು. 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ.

ನಾಲ್ಕು: ಹಳ್ಳಿಯ ಸಿಗ್ನಲ್. ಐದು ಸಾವಿರ ಫೋಟೊ ಎಂದರೆ 20 ಜಿಬಿ. ಮೇಲೆ ಕಳಿಸುವ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇದ್ದರೆ ಎಡೆಬಿಡದೆ 44 ಗಂಟೆ ಬೇಕು. ಪೇಟೆಯ ನೆಂಟರ ಮನೆಗೆ ಹೋದಾಗ ಅಲ್ಲಿನ ವೈಫೈಯಲ್ಲಿ ಒಂದು ರಾತ್ರಿ ಬಿಟ್ಟರೆ ಈ ಕೆಲಸ ಮುಗಿಯುತ್ತದೆ.

ಕಪಾಟಿನ ಹಳೆಯ ಫೋಟೊಗಳು

ಫೋನಿಗಿಂತ ಹಳೆಯ ಫೋಟೊಗಳದ್ದು ಇನ್ನೂ ಅರ್ಜಂಟು. ಅಜ್ಜ ಸ್ಟುಡಿಯೊಕ್ಕೆ ಹೋಗಿ ತೆಗೆಸಿದ ಒಂದೇ ಫೋಟೊ, ಮೊದಲ ಟಿಲ್ಲರ್ ಅಂಗಳಕ್ಕೆ ಬಂದ ದಿನದ ಫೋಟೊ. ಬೂಷ್ಟು ತಿಂದುಹಾಕುವ ಮೊದಲು ಇವನ್ನು ಫೋನಿಗೋ ಕಂಪ್ಯೂಟರಿಗೋ ಏರಿಸಬೇಕು.

ಸ್ಕ್ಯಾನರ್ ಸಿಕ್ಕಿದರೆ ಸಣ್ಣ ಫೋಟೊಗಳಿಗೆ 600 ಡಿಪಿಐ ಇಡಲು ಹೇಳಿ. ಇಲ್ಲದಿದ್ದರೆ ಫೋನೇ ಸಾಕು. ಬಿಸಿಲು ನೇರ ಬೀಳದ ಜಗಲಿಯಲ್ಲಿ ಫೋಟೊವನ್ನು ಚಪ್ಪಟೆ ಇಟ್ಟು, ಫ್ಲಾಶ್ ಹಾಕದೆ, ನೆಟ್ಟಗೆ ಮೇಲಿನಿಂದ ತೆಗೆಯಿರಿ. ಹಿಂಬದಿಯಲ್ಲಿ ಬರಹ ಇದ್ದರೆ ಅದನ್ನೂ ತೆಗೆಯಿರಿ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಬೇಡಿ, ಬಣ್ಣವೇ ಕಿತ್ತುಬರುತ್ತದೆ. ಗಾಜಿನ ಮೇಲಿನಿಂದಲೇ ಓರೆಬೆಳಕಿನಲ್ಲಿ ತೆಗೆದರಾಯಿತು. ಲ್ಯಾಮಿನೇಶನ್ ಮಾಡಿಸಲೇಬೇಡಿ, ಮತ್ತೆ ಬಿಡಿಸಲಿಕ್ಕಾಗದು.

ಅಸಲು ಫೋಟೊ ಬಿಸಾಡಬಾರದು. ಅಟ್ಟದ ಹೊಗೆ ಅಡಿಕೆಗೆ ಒಳ್ಳೆಯದು, ಫೋಟೊಕ್ಕಲ್ಲ. ಮಳೆ ಬಡಿಯುವ ಗೋಡೆಗೆ ತಾಗಿದ ಕಪಾಟೂ ಆಗದು. ಒಳಕೋಣೆಯ ಪೆಟ್ಟಿಗೆಯಲ್ಲಿ ಇಡಿ.

ಇಲ್ಲಿ ಮುಖ್ಯ ಕೆಲಸ ಯಂತ್ರದ್ದಲ್ಲ, ಮನುಷ್ಯರದ್ದು. ಫೋಟೊದಲ್ಲಿ ಇರುವವರು ಯಾರು? ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. "ದೊಡ್ಡಮ್ಮಾ, ಈ ಮೂಲೆಯಲ್ಲಿ ನಿಂತವರು ಯಾರು?" ಎಂದು ಕೇಳಿ ನೋಡಿ. ಒಂದು ಫೋಟೊದಿಂದ ಅರ್ಧ ಗಂಟೆಯ ಕತೆ ಹೊರಡುತ್ತದೆ. ಫೋನಿನಲ್ಲೇ ಅದನ್ನು ರೆಕಾರ್ಡ್ ಮಾಡಿ ಆ ಫೋಟೊದ ಜೊತೆಗೇ ಇಡಿ. ಫೈಲಿಗೆ '1968 ಸುಮಾರು, ಅಜ್ಜ, ಸಣ್ಣಜ್ಜ, ಹಳೆಮನೆ ಅಂಗಳ' ಎಂದು ಹೆಸರು ಬರೆಯಿರಿ. ಇಂಥ ಫೋಟೊಗಳಿಗೆ ಮಾತ್ರ ಒಂದೊಂದಕ್ಕೂ ಹೆಸರು ಬೇಕು. ಯಾಕೆಂದರೆ ಕಂಪ್ಯೂಟರು ಅದಕ್ಕೆ ಇವತ್ತಿನ ತಾರೀಕು ಹಾಕಿರುತ್ತದೆ. ಕಾಗದದ ಫೋಟೊದ ಮೇಲೆ ಬರೆಯುವುದಾದರೆ ಹಿಂಬದಿಯ ಅಂಚಿನಲ್ಲಿ, ಮೆದು ಪೆನ್ಸಿಲಿನಲ್ಲಿ. ಬಾಲ್‌ಪೆನ್ ಒತ್ತಿದರೆ ಮುಂಬದಿಗೆ ಗುರುತು ಬೀಳುತ್ತದೆ. ಯಾರೆಂದು ಗೊತ್ತಿಲ್ಲದ ಫೋಟೊ ಎಷ್ಟು ಚೆನ್ನಾಗಿ ಕಾಪಿಟ್ಟರೂ ಮುಂದಿನವರಿಗೆ ಬರೇ ಕಾಗದ.

ಬೀಗದ ಕೈ ಯಾರಲ್ಲಿ?

ಯಜಮಾನರು ದಿಢೀರನೆ ಹೋದರೆ ಜಾಗದ ಕಾಗದ ಎಲ್ಲಿದೆ ಎಂದು ಮನೆಯವರಿಗೆ ಗೊತ್ತಿರುತ್ತದೆ. ಫೋನಿನ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಫೋನು ಎದುರಿಗೇ ಇರುತ್ತದೆ, ತೆರೆಯುವುದಿಲ್ಲ. ಮೂರು ಪ್ರತಿಯ ಶ್ರಮವೆಲ್ಲ ಇಲ್ಲಿ ನಿಲ್ಲುತ್ತದೆ.

ಫೋನಿನ ಲಾಕ್, ಇಮೇಲ್ ವಿಳಾಸ, ಅದರ ಪಾಸ್‌ವರ್ಡ್, ಡಿಸ್ಕ್ ಎಲ್ಲಿದೆ ಎಂಬುದು ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಜಾಗದ ಕಾಗದದ ಜೊತೆ ಇಡಿ. ಮನೆಯ ಇನ್ನೊಬ್ಬರಿಗೆ ತಿಳಿಸಿ. ಗೂಗಲ್ ಖಾತೆಯಲ್ಲಿ, ಇಷ್ಟು ತಿಂಗಳು ನಾನು ಬಳಸದಿದ್ದರೆ ಇಂಥವರಿಗೆ ತಿಳಿಸಿ, ಮಾಹಿತಿ ಕೊಡಿ ಎಂದು ಮೊದಲೇ ಹೇಳಿಡುವ ಸೌಲಭ್ಯ 2013ರಿಂದಲೂ ಉಂಟು. ಖಾತೆಗೆ ಕೊಟ್ಟ ಮೊಬೈಲ್ ನಂಬರನ್ನೂ ಜೀವಂತ ಇಡಬೇಕು. ತಿಂಗಳುಗಟ್ಟಲೆ ರೀಚಾರ್ಜ್ ಇಲ್ಲದ ನಂಬರು ಬೇರೆಯವರ ಪಾಲಾಗುತ್ತದೆ. ಆಮೇಲೆ ನಿಮ್ಮ ಒಟಿಪಿ ಅವರಿಗೆ ಹೋಗುತ್ತದೆ.

ಕೊನೆಗೊಂದು ಹಳೆ ಕಾಲದ ಸಲಹೆ. ವರ್ಷಕ್ಕೆ ಇಪ್ಪತ್ತು ಒಳ್ಳೆ ಫೋಟೊ ಆರಿಸಿ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು ಬರೆದು ಆಲ್ಬಮ್ಮಿನಲ್ಲಿಡಿ. ಕರೆಂಟು, ಸಿಗ್ನಲ್, ಪಾಸ್‌ವರ್ಡ್ ಯಾವುದೂ ಬೇಡದ ನಾಲ್ಕನೆಯ ಪ್ರತಿ ಅದು.

ಈ ವಾರ ಸುರು ಮಾಡಲು

• ಫೋನಿನ ಅತಿ ಮುಖ್ಯ ಐವತ್ತು ಫೋಟೊ ಆರಿಸಿ, 'ಡಾಕ್ಯುಮೆಂಟ್' ಆಗಿ ದೂರದ ಒಬ್ಬ ನೆಂಟರಿಗೆ ಕಳಿಸಿ. ಅಳಿಸದೆ ಇಟ್ಟುಕೊಳ್ಳಲು ಹೇಳಿ.
• ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ.
• ಕ್ಯಾಮೆರಾದ ಲೊಕೇಶನ್ ಚಾಲು ಇದೆಯೇ, ತಾರೀಕು ಸರಿ ಇದೆಯೇ ನೋಡಿ.
• ಪಂಪು, ಮೋಟಾರಿನ ತಗಡು ಮತ್ತು ಬಿಲ್ಲುಗಳ ಫೋಟೊ ತೆಗೆಯಿರಿ.
• ಮನೆಯ ಅತಿ ಹಳೆಯ ಹತ್ತು ಫೋಟೊ ಹೊರತೆಗೆದು, ಹಿರಿಯರ ಪಕ್ಕ ಕೂತು ಹೆಸರು ಕೇಳಿ ಬರೆಯಿರಿ.
• ಪಾಸ್‌ವರ್ಡ್ ನೋಟ್‌ಬುಕ್ ಜಾಗದ ಕಾಗದದ ಜೊತೆ ಸೇರಲಿ.

ಫೋಟೊ ಕಾಪಿಡಲು ಇದಕ್ಕಿಂತ ಸುಲಭದ ದಾರಿ ಕಂಡುಕೊಂಡವರು ಪತ್ರಿಕೆಗೆ ಬರೆಯಿರಿ. ಉಳಿದವರಿಗೂ ಉಪಕಾರವಾದೀತು.